ಹೊಳೆಯಾಚೆಯ ದೇಶ, ದೇವರು ಬರದ ಸಿನಿಮಾ

ನಾನು ನೋಡಿದ ಪರದೇಶ ಒಂದೇ. ಅದು ನಮ್ಮೂರ ಹೊಳೆಯ ಆಚೆ ದಂಡೆಯಲ್ಲಿತ್ತು.

ನೀವು ನಗುತ್ತೀರಿ, ಗೊತ್ತು. ಈಗ ಬಸ್ಸು ಹತ್ತಿ ಒಂದು ಹಿಡಿ ಶೇಂಗಾ ತಿನ್ನುವುದರೊಳಗೆ ಸೇತುವೆ ದಾಟಿ ಆ ದಂಡೆಗೆ ಹೋಗಿರುತ್ತೇವೆ. ಆದರೆ ನನ್ನ ಕಾಲಕ್ಕೆ ತುಂಗಭದ್ರೆಯ ಈಚೆಗೆ ಇಂಗ್ಲಿಷರ ರಾಜ್ಯ, ಆಚೆಗೆ ನಿಜಾಮರ ರಾಜ್ಯ. ಅಲ್ಲಿಯ ನಾಣ್ಯ ಬೇರೆ, ಕಚೇರಿಯ ಭಾಷೆ ಬೇರೆ, ಸೂಟಿಯ ದಿನವೂ ಬೇರೆ. ಹೋಗುವವರ ಗಂಟು ಬಿಚ್ಚಿ ನೋಡುವ ನಾಕಾ ಇತ್ತು. ಗಂಟು ಬಿಚ್ಚಿಸಿಕೊಂಡು ಒಳಗೆ ಹೋಗಬೇಕಾದ ಊರು ಪರದೇಶವಲ್ಲದೆ ಮತ್ತೇನು?

ಭಾನುವಾರ ಮಧ್ಯಾಹ್ನ ಟೀವಿಯಲ್ಲಿ ನಿಧಾನದ ಸಿನಿಮಾ ಬಂದರೆ ನೀವೆಲ್ಲ ಒಬ್ಬೊಬ್ಬರಾಗಿ ಎದ್ದು ಹೋಗುತ್ತೀರಿ. ನಾನೊಬ್ಬಳೇ ಕೊನೆಯವರೆಗೆ ಕೂತಿರುತ್ತೇನೆ. "ಅಜ್ಜೀ, ಇದರಾಗ ಏನೂ ಆಗೋದೇ ಇಲ್ಲಲ್ಲ, ಏನ್ ನೋಡ್ತೀ?" ಎಂದು ಮೊನ್ನೆ ಕೇಳಿದಿರಿ. ಅಂಥ ಮಾತಿಗೆ ಬಾಯಿಂದ ಉತ್ತರ ಹೇಳುವುದು ನನಗೆ ಎಂದೂ ಬಂದಿಲ್ಲ. ಊರ ಶಾಲೆಯಲ್ಲಿ ನಾಲ್ಕು ತರಗತಿ ಓದಿದ್ದೇನೆ, ಬರೆಯಲು ಅಷ್ಟಿಷ್ಟು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ದೊಡ್ಡ ಯುದ್ಧ ಮುಗಿದ ಮರುವರ್ಷ. ನಿಮ್ಮ ಅಜ್ಜ ಜ್ವರದಲ್ಲಿ ಹೋಗಿಬಿಟ್ಟಿದ್ದರು. ನಾನು ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ತವರಿನಲ್ಲಿ, ನನ್ನ ಅಣ್ಣ ಬಸಣ್ಣನ ಮನೆಯಲ್ಲಿದ್ದೆ. ದೊಡ್ಡವನು ನಿಮ್ಮ ದೊಡ್ಡಪ್ಪ. ಚಿಕ್ಕವನು ಶರಣು, ನಿಮ್ಮ ಅಪ್ಪ. ಆಗ ಅವನಿಗೆ ಐದು ತುಂಬಿತ್ತು. ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವ, ಬಹಳ ಹಿಂದೆಯೇ ಹೊಳೆ ದಾಟಿ ಹೋಗಿ ದೇವದುರ್ಗದಲ್ಲಿ ಅರಳೆ ವ್ಯಾಪಾರ ಮಾಡಿಕೊಂಡಿದ್ದರು. ದೊಡ್ಡ ಮನೆ, ಆದರೆ ಮಕ್ಕಳಿರಲಿಲ್ಲ. ಶರಣುವನ್ನು ದತ್ತು ಕೊಡಬೇಕೆಂದು ಹೇಳಿ ಕಳಿಸಿದರು.

ನನ್ನನ್ನು ಯಾರೂ ಕೇಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಣ್ಣ ಕೇಳಿದ. "ಎರಡು ಅದಾವ, ಒಂದು ದೊಡ್ಡ ಮನಿ ಸೇರಿದ್ರ ಎರಡೂ ಬದುಕ್ತಾವ. ಏನಂತಿ ನೀಲಾ?" ಎಂದ. ನಾನು ತಲೆ ತಗ್ಗಿಸಿ ಒಲೆ ಊದುತ್ತಿದ್ದೆ. ಊದುತ್ತಲೇ ಇದ್ದೆ. "ಆತು ಬಿಡು" ಎಂದು ಅವನು ಎದ್ದು ಹೋದ. ಹೀಗೆ ನನ್ನ ಒಪ್ಪಿಗೆ ಆಯಿತು.

ನಾಕಾ

ದೊಡ್ಡವನನ್ನು ಅತ್ತಿಗೆಯ ಹತ್ತಿರ ಬಿಟ್ಟು ಅಣ್ಣ, ನಾನು, ನಿಮ್ಮ ಅಪ್ಪ ಮೂವರೂ ಹೊರಟೆವು. ಹರಗೋಲಿನಲ್ಲಿ ಕೂತಾಗ ನಿಮ್ಮ ಅಪ್ಪ ನೀರಿಗೆ ಕೈ ಚಾಚಿ, "ಈ ನೀರು ಯಾರದು, ಇಂಗ್ಲಿಷರದಾ ನಿಜಾಮರದಾ?" ಎಂದು ಅಂಬಿಗನನ್ನು ಕೇಳಿದ.

"ಮೀನಿಂದು. ಕೈ ಒಳಗ ತಗೋ" ಎಂದ ಅಂಬಿಗ.

ಆಚೆ ದಂಡೆಯ ಬೇವಿನ ಮರದ ಕೆಳಗೆ ಒಂದು ಚಪ್ಪರ, ಒಂದು ಮೇಜು. ಗೊಂಡೆಯಿರುವ ಕೆಂಪು ಟೋಪಿಯ ಒಬ್ಬ ಅಧಿಕಾರಿ, ಅವನ ಪಕ್ಕದಲ್ಲಿ ಕನ್ನಡ ಬಲ್ಲ ಒಬ್ಬ ಜವಾನ. ಅಣ್ಣ ನಮ್ಮನ್ನು ಅಲ್ಲಿ ನಿಲ್ಲಿಸಿ ಗಾಡಿ ಗೊತ್ತುಮಾಡಲು ಹೋದ. ಅಷ್ಟರಲ್ಲಿ ನಮ್ಮ ಸರದಿ ಬಂತು.

"ಗಂಟಿನ್ಯಾಗ ಏನದ ಬೇ? ಬೆಳ್ಳಿ ಅದನು?" ಎಂದ ಜವಾನ.

ದತ್ತಕಕ್ಕೆಂದು ತಂದ ಒಂದು ಪುಟ್ಟ ಬೆಳ್ಳಿ ಬಟ್ಟಲಿತ್ತು. ತಲೆಯಾಡಿಸಿದೆ.

"ಹೊಸ ಅರಿವಿ?"

ಅದೂ ಇತ್ತು. ತಲೆಯಾಡಿಸಿದೆ. ಪರಪುರುಷರ ಎದುರು ನಿಂತು ನನಗೆ ರೂಢಿಯಿಲ್ಲ. ಒಮ್ಮೆ ತಲೆಯಾಡಲು ಶುರುವಾದರೆ ಕೋಲೆಬಸವನ ಹಾಗೆ ಅದು ತನ್ನಷ್ಟಕ್ಕೆ ಆಡುತ್ತಿತ್ತು. ಸಕ್ಕರೆ ಎಂದ, ಆಡಿಸಿದೆ. ಬಂಗಾರ ಎಂದ, ಆಡಿಸಿದೆ. ಜವಾನ ಟೋಪಿಯವನ ಕಡೆ ಒಮ್ಮೆ ನೋಡಿ ನನ್ನತ್ತ ಬಗ್ಗಿ, "ಅಫೀಮು ಅದನವ್ವಾ?" ಎಂದು ಮೆಲ್ಲಗೆ ಕೇಳಿದ. ನಾನು ಅದಕ್ಕೂ ತಲೆಯಾಡಿಸಿದೆ.

ಇಬ್ಬರೂ ಎದ್ದು ನಿಂತರು. ರೊಟ್ಟಿಯ ಗಂಟು, ಬಟ್ಟೆಯ ಗಂಟು, ನಿಮ್ಮ ಅಪ್ಪನ ಹಳೆಯ ಅಂಗಿಗಳು ಎಲ್ಲವೂ ಮೇಜಿನ ಮೇಲೆ ಬಂದವು. ಕಡೆಗೆ ಸಿಕ್ಕಿದ್ದು ಒಂದು ಡಬ್ಬಿ. ತೆರೆದರೆ ಕರ್ರನೆಯ ಪುಡಿ. ಟೋಪಿಯವನು ಗೆದ್ದವನ ಹಾಗೆ ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡ. ಅದು ಗುರೆಳ್ಳು ಹಿಂಡಿ, ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ. ನಮ್ಮತ್ತಿಗೆ ಖಾರ ಹಾಕುವುದರಲ್ಲಿ ಕೈ ಬಿಗಿ ಹಿಡಿಯುವವಳಲ್ಲ. ಆ ಮನುಷ್ಯನ ಕಣ್ಣುಗಳು ಟೋಪಿಯ ಬಣ್ಣಕ್ಕೆ ತಿರುಗಿದವು.

ಅಣ್ಣ ಓಡಿ ಬಂದ. "ಏನ್ ಹೇಳಿದಿಬೇ ಇವರಿಗೆ?"

"ನಾ ಏನೂ ಹೇಳಿಲ್ಲಣ್ಣಾ."

"ಅದಕ್ಕ ಹಿಂಗಾಗಿದ್ದು!"

ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಟೋಪಿಯವನು ಸಿಟ್ಟಾಗಲಿಲ್ಲ. ಇನ್ನೊಂದಿಷ್ಟು ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ನಮ್ಮನ್ನು ಬಿಟ್ಟ. ಅವನ ರೊಟ್ಟಿಗೆ ಅದು ಚೆನ್ನಾಗಿ ಹೊಂದಿರಬೇಕು.

ಮಾನ್ವಿ

ಮಾನ್ವಿಯಲ್ಲಿ ಅಣ್ಣನ ಪರಿಚಯದ ಎತ್ತಿನ ವ್ಯಾಪಾರಿಯೊಬ್ಬರ ಮನೆಯಲ್ಲಿ ಇಳಿದುಕೊಂಡೆವು. ಬಂಡೆಗಳ ಗುಡ್ಡದ ಬುಡದಲ್ಲಿ ಆ ಮನೆ. ಶುಕ್ರವಾರ ಬೆಳಿಗ್ಗೆ ಎದ್ದರೆ ಓಣಿಯ ಮಕ್ಕಳೆಲ್ಲ ಗೋಲಿಯಾಡುತ್ತಿದ್ದರು. ಶಾಲೆ ತಪ್ಪಿಸಿದ್ದಾರೆ ಎಂದುಕೊಂಡೆ.

"ಇವತ್ತು ಸೂಟಿ ಅಲ್ಲೇನ್ರೀ" ಎಂದಳು ಆ ಮನೆಯ ಯಜಮಾನಿತಿ. "ನಿಮ್ಮ ಕಡಿ ಯಾವತ್ತು?"

"ಐತವಾರ."

"ಐತವಾರಾ?" ಅವಳು ಬೀಸುವ ಕಲ್ಲು ನಿಲ್ಲಿಸಿಬಿಟ್ಟಳು. "ಐತವಾರ ಯಾರಾದ್ರೂ ಸುಮ್ಮನ ಕುಂಡ್ರತಾರೇನ್ರೀ?"

ಅವಳ ಮಗ ಶಾಲೆಯಲ್ಲಿ ಕಲಿತ ಉರ್ದು ಪದ್ಯವನ್ನು ನಮ್ಮೆದುರು ನಿಂತು ಒಪ್ಪಿಸಿದ. ಅರ್ಥ ಕೇಳಿದರೆ, "ಅರ್ಥ ಮುಂದಿನ ವರ್ಷ ಹೇಳ್ತಾರಂತ" ಎಂದ. ನಮ್ಮ ಕಡೆಯ ಮಕ್ಕಳು ಇಂಗ್ಲಿಷ್ ಅರಸನ ಹಾಡನ್ನು ಹೀಗೆಯೇ ಹೇಳುತ್ತಿದ್ದರು. ದೇಶ ಬೇರೆಯಾದರೂ ಮಕ್ಕಳ ಪಾಡು ಒಂದೇ ಎನ್ನಿಸಿತು.

ನಾವು ಯಾವ ಕೆಲಸಕ್ಕೆ ಹೊರಟಿದ್ದೇವೆಂದು ಅಣ್ಣ ಹೇಳಿದಾಗ ಅವಳು ಓಡಿಹೋಗಿ ಸಕ್ಕರೆ ತಂದು ನಿಮ್ಮ ಅಪ್ಪನ ಬಾಯಿಗೆ ಹಾಕಿದಳು. "ಪುಣ್ಯ ಮಾಡೀರಿ ಬಿಡ್ರಿ. ಹುಡುಗನ ದಿಕ್ಕು ಆತು." ಪಕ್ಕದ ಮನೆಯವರೂ ಬಂದು ನೋಡಿದರು. ಎಲ್ಲರೂ ನನ್ನ ಪುಣ್ಯವನ್ನೇ ಹೊಗಳಿದರು. ನಾನು ಸೆರಗು ಎಳೆದುಕೊಂಡು ಕೂತಿದ್ದೆ.

ಬಾಯಿ ತುಂಬ ಸಕ್ಕರೆ ಇಟ್ಟುಕೊಂಡೇ ನಿಮ್ಮ ಅಪ್ಪ ನನ್ನ ಕಿವಿಯಲ್ಲಿ ಕೇಳಿದ, "ಯವ್ವಾ, ನಾ ಅಲ್ಲಿ ಎಷ್ಟು ದಿನ ಇರಬೇಕು?"

ಅವನ ಮುಖ ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ.

ರಾಯಚೂರು

ಭಾವನ ಹೆಂಡತಿ ಗೌರಕ್ಕನ ತವರು ರಾಯಚೂರು. ದತ್ತಕದ ಬಟ್ಟೆಬರೆ ಕೊಳ್ಳಲು ಆಕೆ ಮೊದಲೇ ಅಲ್ಲಿಗೆ ಬಂದಿದ್ದಳು. ನಾವು ಅವಳನ್ನು ಕೂಡಿಕೊಂಡು ಅಲ್ಲಿಂದ ದೇವದುರ್ಗಕ್ಕೆ ಹೋಗುವುದೆಂದು ಏರ್ಪಾಡಾಗಿತ್ತು. ಮಾನ್ವಿಯಿಂದ ಬಸ್ಸಿನಲ್ಲಿ ಹೋದೆವು. ಊರು ಹತ್ತಿರವಾದಂತೆ ನೆಲದೊಳಗಿಂದ ಶೆಕೆ ಮೇಲೇಳುತ್ತಿತ್ತು. ನಮ್ಮಲ್ಲಿಯೂ ಬಿಸಿಲಿದೆ, ಆದರೆ ನಮ್ಮ ಬಿಸಿಲು ಸಂಜೆಗೆ ಮನೆಗೆ ಹೋಗುತ್ತದೆ. ರಾಯಚೂರಿನದು ಕಲ್ಲುಗಳೊಳಗೆ ಸೇರಿಕೊಂಡು ಅಲ್ಲೇ ಮಲಗುತ್ತದೆ. ಒಂದೇ ಅಂಗಡಿಯ ಮುಂದೆ ಒಬ್ಬ ತೆಲುಗಿನಲ್ಲಿ ಕೇಳುತ್ತಾನೆ, ಅಂಗಡಿಯವ ಉರ್ದುವಿನಲ್ಲಿ ಹೇಳುತ್ತಾನೆ, ಚೌಕಾಸಿ ಕನ್ನಡದಲ್ಲಿ ಮುಗಿಯುತ್ತದೆ.

ಗೌರಕ್ಕ ನನಗಿಂತ ಐದಾರು ವರ್ಷಕ್ಕೆ ದೊಡ್ಡವಳು, ದುಂಡು ಮುಖ, ಮಾತಿಗೆ ಮೊದಲು ನಗು. ನಿಮ್ಮ ಅಪ್ಪನಿಗೆ ಜರಿಯ ಟೋಪಿ, ರೇಷ್ಮೆ ಅಂಗಿ ಎಲ್ಲ ತೆಗೆದಿಟ್ಟಿದ್ದಳು. ಅಂಗಿ ಅವನ ಮೊಣಕಾಲು ಮುಟ್ಟುತ್ತಿತ್ತು. "ಬೆಳೀತಾನಲ್ಲ" ಎಂದಳು. ಅವನಿಗೆ ಏನು ಇಷ್ಟ, ಯಾವ ಮಗ್ಗುಲಲ್ಲಿ ಮಲಗುತ್ತಾನೆ, ಕತ್ತಲೆಗೆ ಅಂಜುತ್ತಾನೋ ಎಂದು ಒಂದೊಂದೇ ಕೇಳುತ್ತಿದ್ದಳು. ಹರಕೆ ಹೊತ್ತು ಅವರ ಕಡೆಯ ಹಳ್ಳಿ ಗೂಗಲ್‌ನ ಅಲ್ಲಮಪ್ರಭುವಿನ ಗುಡಿಗೆ ಅವಳು ಎಷ್ಟೋ ಸಲ ನಡೆದು ಹೋಗಿದ್ದಳಂತೆ. ಅಂಥವಳು ಈಗ ಕೈಗೆ ಬಂದ ಮಗುವನ್ನು ಎತ್ತಿಕೊಳ್ಳಲು ಹಿಂದೆ ಮುಂದೆ ನೋಡುತ್ತಿದ್ದುದು ನನಗೆ ವಿಚಿತ್ರವೆನ್ನಿಸಿತು.

"ನಾಳಿ ಮಧ್ಯಾಹ್ನ ಸಿನೇಮಾಕ್ಕ ಹೋಗೋಣು" ಎಂದಳು. "ಮನ್ಯಾಗ ಕುಂತ್ರ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡ್ಕೋತ ಕುಂಡ್ರತೀವಿ."

ನಾನು ಅದಕ್ಕೆ ಮೊದಲು ನೋಡಿದ್ದು ಒಂದೇ ಸಿನಿಮಾ, ಆದವಾನಿಯ ಡೇರೆಯಲ್ಲಿ. ಅದು ದೇವರದ್ದು. ಪರದೆಯ ಮೇಲೆ ದೇವರು ಪ್ರತ್ಯಕ್ಷನಾದಾಗ ಜನ ಎದ್ದು ಕಾಯಿ ಒಡೆದು ಕರ್ಪೂರ ಹಚ್ಚಿದ್ದರು. ಸಿನಿಮಾ ಎಂದರೆ ಅದೇ ಎಂದು ತಿಳಿದಿದ್ದ ನಾನು ಮರುದಿನ ತಲೆಗೆ ನೀರು ಹಾಕಿಕೊಂಡು, ಮಲ್ಲಿಗೆಯ ಒಂದು ಹಾರ ಕಟ್ಟಿ, ಕರ್ಪೂರವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ನಿಮ್ಮ ಅಪ್ಪನನ್ನು ಅಣ್ಣನ ಹತ್ತಿರ ಬಿಟ್ಟು ಹೊರಟೆ. ಸಿನಿಮಾ ಮನೆಯ ಬಾಗಿಲಲ್ಲಿ ಚಪ್ಪಲಿ ಕಳಚಿ ಹೊಸ್ತಿಲಿಗೆ ಕೈಮುಗಿದೆ.

"ಯವ್ವಾ, ಚಪ್ಪಲ ಮೆಟ್ಕೋರಿ" ಎಂದ ಬಾಗಿಲಿನವ. "ಇದು ಗುಡಿ ಅಲ್ರೀ."

ಗೌರಕ್ಕನಿಗೆ ನಕ್ಕು ನಕ್ಕು ಗೋಡೆ ಹಿಡಿಯಬೇಕಾಯಿತು. ಬಿಟ್ಟ ಚಪ್ಪಲಿಯನ್ನು ಅಷ್ಟು ಜನರೆದುರು ಮತ್ತೆ ಮೆಟ್ಟಿಕೊಳ್ಳಲು ನಾಚಿಕೆಯಾಗಿ ನಾನು ಹಾಗೇ ಒಳಗೆ ಹೋದೆ. ಬರುವಾಗ ಅವು ಇರಲಿಲ್ಲ. ನಿಜಾಮರ ರಾಜ್ಯದಲ್ಲಿ ನಾನು ಬಿಟ್ಟು ಬಂದದ್ದು ಅವನ್ನಷ್ಟೇ.

ಪರದೆಯ ಈಚೆ

ಹೆಂಗಸರು ಕೂರುವ ಜಾಗಕ್ಕೆ ಜನಾನಾ ಎನ್ನುತ್ತಿದ್ದರು. ಅದಕ್ಕೆ ಬೇರೆ ಬಾಗಿಲು, ಬೇರೆ ಮೆಟ್ಟಿಲು. ನಮ್ಮ ಮುಂದೆ ಉದ್ದಕ್ಕೂ ಒಂದು ಕಪ್ಪು ಪರದೆ. ದೀಪ ಆರಿದ ಕೂಡಲೇ ಒಬ್ಬ ಮುದುಕಿ ಹಗ್ಗ ಎಳೆದು ಪರದೆ ಸರಿಸುತ್ತಾಳೆ. ದೀಪ ಹತ್ತುವ ಹೊತ್ತಿಗೆ ಮತ್ತೆ ಮುಚ್ಚುತ್ತಾಳೆ, ಗಂಡಸರಿಗೆ ನಮ್ಮ ಮುಖ ಕಾಣಬಾರದೆಂದು. ನಮ್ಮ ಡೇರೆಯಲ್ಲಿ ಗಂಡಸರಿಗೂ ಹೆಂಗಸರಿಗೂ ನಡುವೆ ಬರೀ ಒಂದು ಹಗ್ಗ ಕಟ್ಟಿದ್ದರು. ಈ ಪರದೆಯ ಹಿಂದೆ ಬುರ್ಖಾ ಹಿಂದಕ್ಕೆ ಸರಿಸಿ ಕಾಲು ಚಾಚಿ ಕೂತ ಹೆಂಗಸರು, ತಾಂಬೂಲದ ಡಬ್ಬಿಗಳು, ತೊಟ್ಟಿಲ ಕೂಸುಗಳು. ಅಷ್ಟು ನಿರಾಳವಾಗಿ ಹೆಂಗಸರು ಕೂತದ್ದನ್ನು ನಾನು ಬೇರೆಲ್ಲೂ ನೋಡಿರಲಿಲ್ಲ.

ನನ್ನ ಪಕ್ಕದಲ್ಲಿ ದಪ್ಪನೆಯ ಒಬ್ಬ ಹೆಂಗಸು, ಹುಸೇನಬೀ ಎಂದು ಹೆಸರು. ಬಂದ ಸಿನಿಮಾ ಒಂದನ್ನೂ ಬಿಡದವಳು. ನನಗೆ ಹಿಂದೂಸ್ತಾನಿ ಬಾರದೆಂದು ತಿಳಿದು ತಾನೇ ಅರ್ಥ ಹೇಳುವ ಹೊಣೆ ಹೊತ್ತಳು. ಕೈಯಲ್ಲಿದ್ದ ಹಾರ ನೋಡಿ, "ಇದು ಯಾರಿಗವ್ವಾ?" ಎಂದಳು.

"ದೇವರು ಬಂದಾಗ..." ಎಂದೆ.

"ಬರ್ತಾನ ತಗೋ. ಎಲ್ಲಾ ಸಿನೇಮಾದಾಗೂ ಕಡೀಕ ಯಾರರೆ ಬಂದೇ ಬರ್ತಾರ."

ಸಿನಿಮಾ ಶುರುವಾಯಿತು. ದೇವಲೋಕವಿಲ್ಲ, ಅರಮನೆಯಿಲ್ಲ. ಎರಡೇ ಕೋಣೆಯ ಒಂದು ಮನೆ. ಗುಮಾಸ್ತ ಗಂಡ, ಅವನ ಹೆಂಡತಿ, ಒಬ್ಬ ಮೈದುನ. ಹೆಂಡತಿಯ ಸೀರೆಯ ಅಂಚು ಹರಿದು ಹೊಲಿದದ್ದು. ಎಲ್ಲರೂ ಉಂಡ ಮೇಲೆ ಅವಳು ಪಾತ್ರೆಯ ತಳ ಕೆರೆದು ಉಣ್ಣುತ್ತಾಳೆ. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರೆ ತಟ್ಟೆಯನ್ನು ಒಲೆಯ ಹಿಂದೆ ಸರಿಸಿ ಬಾಯಿ ಒರೆಸಿಕೊಂಡು ಏಳುತ್ತಾಳೆ. ನನ್ನ ಮೈ ಜುಂ ಎಂದಿತು. ಯಾರೋ ನಮ್ಮ ಅಡಿಗೆ ಮನೆಯ ಬಾಗಿಲ ಸಂದಿಯಲ್ಲಿ ವರ್ಷಗಟ್ಟಲೆ ನಿಂತು ನೋಡಿ ಹೋಗಿದ್ದಾರೆ ಎನ್ನಿಸಿತು.

ಮೀಸೆಯ ಮೈದುನ ಬಂದಾಗ ಹುಸೇನಬೀ ನನ್ನ ಮೊಣಕೈ ತಿವಿದಳು. "ನೋಡ್ಕೋ, ಇವನ ಬದ್ಮಾಷ್. ಈಗ ಏನರೆ ಮಾಡ್ತಾನ." ಅವನು ನೀರು ಕುಡಿದು, ಬಿಸಿಲಿನ ಬಗ್ಗೆ ಏನೋ ಹೇಳಿ ಹೊರಟುಹೋದ.

"ಏ, ಇವ ಏನೂ ಮಾಡಲೇ ಇಲ್ಲಲ್ಲ!" ಎಂದಳು ಹುಸೇನಬೀ, ತನಗೇ ಮೋಸವಾದ ಹಾಗೆ.

ಆ ಗಂಡ ಕೆಟ್ಟವನಲ್ಲ. ಪ್ರತಿಯೊಂದಕ್ಕೂ ಹೆಂಡತಿಯನ್ನು ಕೇಳುತ್ತಾನೆ. ಹಸು ಮಾರೋಣವೇ? ಮನೆ ಬದಲಿಸೋಣವೇ? ಕೇಳಿ ಪತ್ರಿಕೆ ಓದುತ್ತಾನೆ. ಅವಳು ಸುಮ್ಮನಿರುತ್ತಾಳೆ. ಅವನು ಆಯಿತು ಎಂದುಕೊಳ್ಳುತ್ತಾನೆ. ಒಂದು ದಿನ ಊರಿನವನೊಬ್ಬ ಬಂದು ಅವಳ ತಂದೆಗೆ ಮೈ ಸರಿಯಿಲ್ಲ ಎಂದು ಹೇಳಿ ಹೋಗುತ್ತಾನೆ. ಈ ತಿಂಗಳು ಕಚೇರಿಯಲ್ಲಿ ಕೆಲಸ ಬಹಳ, ಮುಂದಿನ ತಿಂಗಳು ಹೋದರೆ ನಡೆಯದೇ ಎಂದು ಗಂಡ ಕೇಳುತ್ತಾನೆ. ಅವಳು ಕಂದೀಲಿನ ಗಾಜು ಒರೆಸುತ್ತಿರುತ್ತಾಳೆ. ಒರೆಸುತ್ತಲೇ ಇರುತ್ತಾಳೆ. "ಹೇಳವ್ವಾ, ಹೇಳು! ಬಾಯಿಲ್ಲೇನು ನಿನಗ?" ಎಂದು ಜನಾನಾದಿಂದ ಯಾರೋ ಕೂಗಿದರು. ಅವಳು ಹೇಳಲಿಲ್ಲ.

ತಂದೆ ತೀರಿಕೊಂಡ ಸುದ್ದಿ ಬಂತು. ಗಂಡ ಅವಳ ಪಕ್ಕದಲ್ಲಿ ಕುಸಿದು ಕೂತು ಅತ್ತ. ಅಳುತ್ತಲೇ ಒಂದು ಮಾತು ಹೇಳಿದ. ಅದರ ಅರ್ಥವೇನೆಂದು ಹುಸೇನಬೀಯ ಕೈ ಮುಟ್ಟಿ ಕೇಳಿದೆ.

"ನೀ ಒಂದು ಮಾತು ಹೇಳಿದ್ರ ಅವತ್ತೇ ಕಳಸ್ತಿದ್ದೆನಲ್ಲ, ಅಂತಾನ."

ಅಷ್ಟರಲ್ಲಿ ರೀಲು ಮುಗಿದು ದೀಪ ಹತ್ತಿತು. ಮುದುಕಿ ಹಗ್ಗ ಎಳೆದಳು, ಪರದೆ ಮುಚ್ಚಿತು. ಹುಸೇನಬೀ ಎಲೆಗೆ ಸುಣ್ಣ ಹಚ್ಚುತ್ತಾ ಹಚ್ಚುತ್ತಾ ನಿಲ್ಲಿಸಿ, "ಅವ ಖರೇನ ಹೇಳ್ತಾನವ್ವಾ. ಸುಳ್ಳು ಹೇಳಿದ್ರ ಬೈಬಹುದಿತ್ತು" ಎಂದಳು.

ನಾನು ಪಕ್ಕಕ್ಕೆ ನೋಡಿದೆ. ಗೌರಕ್ಕನ ಮುಖ ತೊಯ್ದಿತ್ತು. ಅವಳು ನನ್ನ ಕಡೆ ತಿರುಗದೆ, ಪರದೆಯನ್ನೇ ನೋಡುತ್ತಾ ಕೇಳಿದಳು: "ನೀಲಾ, ಶರಣುನ್ನ ಕೊಡಾಕ ನಿನಗ ಮನಸ್ಸದನು?"

ಅಲ್ಲಿಯವರೆಗೆ ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ, ಉತ್ತರಕ್ಕೆ ಕಾಯುವ ಹಾಗೆ. ಅವಳು ಕಾಯುತ್ತಿದ್ದಳು. ಇಲ್ಲ ಎನ್ನಬೇಕೆಂದುಕೊಂಡೆ. ಮಾನ್ವಿಯ ಸಕ್ಕರೆ, ಮೊಣಕಾಲು ಮುಟ್ಟುವ ಅಂಗಿ, ಅಣ್ಣನ ಮನೆಯ ಕಷ್ಟ ಎಲ್ಲವೂ ಒಟ್ಟಿಗೆ ನೆನಪಿಗೆ ಬಂದವು. ಅಷ್ಟರಲ್ಲಿ ದೀಪ ಆರಿತು.

ಮುಂದೆ ಸಿನಿಮಾದಲ್ಲಿ ದೊಡ್ಡದೇನೂ ನಡೆಯಲಿಲ್ಲ. ದಿನಗಳು ಹೋದವು. ಕೊನೆಗೆ ಒಂದು ಸಂಜೆ ಗಂಡ ಪತ್ರಿಕೆ ಓದುತ್ತಾ, ಗಾಳಿ ಬಹಳ, ಕಿಟಕಿ ಮುಚ್ಚಲೇ ಎಂದು ಕೇಳಿ ಎದ್ದು ಹೋಗಿ ಕಿಟಕಿಗೆ ಕೈ ಹಾಕಿದ. ಹೆಂಡತಿ ತಲೆಯೆತ್ತಿ, "ಬೇಡ, ತೆರೆದಿರಲಿ" ಎಂದಳು. ಅವನು ಬೆಚ್ಚಿ ತಿರುಗಿ ನೋಡಿ, ಕೈ ತೆಗೆದ. ಗಾಳಿಗೆ ಪತ್ರಿಕೆಯ ಹಾಳೆಗಳು ಹಾರಿದವು. ಸಿನಿಮಾ ಮುಗಿಯಿತು.

"ಇಷ್ಟನಾ?" ಎಂದು ಹಿಂದಿನಿಂದ ಒಬ್ಬಳು ಎದ್ದಳು. "ಇದನ್ನ ನಾ ಮನ್ಯಾಗ ದಿನಾ ನೋಡ್ತೀನಿ, ಇದಕ್ಕ ಟಿಕೀಟು ತಗೋಬೇಕಾ?"

"ದಿನಾ ನೋಡ್ತೀ, ಎಂದಾದ್ರೂ ನೆಟ್ಟಗ ನೋಡೀಯೇನು?" ಎಂದಳು ಹುಸೇನಬೀ ಕೂತಲ್ಲಿಂದಲೇ. ಆಮೇಲೆ ನನ್ನತ್ತ ತಿರುಗಿ, "ನಿನ್ನ ದೇವರು ಬರಲಿಲ್ಲಲ್ಲ" ಎಂದಳು. ಹಾರವನ್ನು ಏನು ಮಾಡಬೇಕೆಂದು ತಿಳಿಯದೆ ಅವಳಿಗೇ ಕೊಟ್ಟೆ. ಸಂಕೋಚವಿಲ್ಲದೆ ಜಡೆಗೆ ಸುತ್ತಿಕೊಂಡಳು.

ಆ ಸಂಜೆ ಬರಿಗಾಲಲ್ಲಿ ಬಿಸಿ ಕಲ್ಲಿನ ಮೇಲೆ ಹಾರಿ ಹಾರಿ ನಡೆಯುತ್ತಾ ನನಗೆ ಹೊಳೆದದ್ದು ಇದು. ದೇವರ ಸಿನಿಮಾದಲ್ಲಿ ಸುಮ್ಮನಿದ್ದು ನೊಂದವಳಿಗೆ ಕೊನೆಯಲ್ಲಿ ಹೂವಿನ ಮಳೆಯಾಗುತ್ತದೆ. ನಾನೂ ಒಳಗೊಳಗೇ ಅಂಥದೊಂದು ಮಳೆಗೆ ಕಾಯುತ್ತಿದ್ದೆ. ನಾನು ಬಾಯಿ ಬಿಡದೆಯೇ ನನ್ನ ಮಗ ನನ್ನ ಹತ್ತಿರವೇ ಉಳಿಯುವ ಹಾಗೆ ಯಾರೋ ಬಂದು ಮಾಡುತ್ತಾರೆ ಎಂದುಕೊಂಡಿದ್ದೆ. ಈ ಸಿನಿಮಾ ಮಾಡಿದ ಪುಣ್ಯಾತ್ಮರು ಮಗುವಿಗೆ ಹೇಳುವ ಹಾಗೆ ನನಗೆ ಹೇಳಲಿಲ್ಲ. ಬಯ್ಯಲು ಒಬ್ಬ ದುಷ್ಟನನ್ನು ಕೊಡಲಿಲ್ಲ, ಅಳುವುದಕ್ಕೆ ಹಾಡನ್ನೂ ಕೊಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಎದುರಿಗಿಟ್ಟು, ಇವಳು ದೊಡ್ಡವಳು, ತಿಳಿದುಕೊಳ್ಳುತ್ತಾಳೆ ಎಂದು ನಂಬಿ ಬಿಟ್ಟರು. ನನ್ನನ್ನು ಅಷ್ಟು ದೊಡ್ಡವಳೆಂದು ಅಲ್ಲಿಯವರೆಗೆ ಯಾರೂ ತಿಳಿದಿರಲಿಲ್ಲ, ಮಕ್ಕಳೇ. ಏನೂ ಆಗದ ಸಿನಿಮಾ ಎಂದು ನೀವು ಎದ್ದುಹೋಗುವಿರಲ್ಲ, ಅಲ್ಲಿ ಏನಾಗುತ್ತದೆ ಎಂದರೆ ಇದು.

ದೇವದುರ್ಗ

ಭಾವನ ಮನೆಯ ಪಡಸಾಲೆ ಜನರಿಂದ ತುಂಬಿತ್ತು. ಅರಕೇರಾದಿಂದ ಬಳಗದ ಹಿರಿಯರು ಬಂದಿದ್ದರು. ಒಳಗೆ ಹೂರಣ ಬೇಯುವ ವಾಸನೆ. ಭಾವ ಎತ್ತರದ ಆಳು, ಮೆಲುಮಾತಿನವರು. ಆದರೆ ಅವರ ಧ್ವನಿಯನ್ನು ನಾನು ಕೇಳಿದ್ದೆನೇ ಹೊರತು ನನ್ನ ಧ್ವನಿಯನ್ನು ಅವರು ಕೇಳಿರಲಿಲ್ಲ. ತಮ್ಮನ ಹೆಂಡತಿ ಭಾವನ ಮುಂದೆ ಬಾಯಿ ತೆರೆಯುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಒಂದು ತಂಬಿಗೆ ನೀರು ಕೊಡಬೇಕಾದರೂ ಬಾಗಿಲ ಚಿಲಕ ಅಲ್ಲಾಡಿಸಿ ಒಳಗಿಟ್ಟು ಬರುತ್ತಿದ್ದೆವು.

ಜರಿಯ ಟೋಪಿ ಹಾಕಿಕೊಂಡು ನಿಮ್ಮ ಅಪ್ಪ ನನ್ನ ಮಡಿಲಲ್ಲಿ ಕೂತಿದ್ದ. ಎದುರಿಗೆ ಗೌರಕ್ಕ ಸೆರಗು ಹಾಸಿ ಕೂತಿದ್ದಳು. ನಾನು ಅವನನ್ನು ಎತ್ತಿ ಆ ಸೆರಗಿಗೆ ಹಾಕಬೇಕು. ಅಲ್ಲಿಗೆ ಅವನು ಆ ಮನೆಯವನು. ಅದಕ್ಕೆ ಮೊದಲು ಪೂಜೆ ಮಾಡಿಸುವ ಅಯ್ಯನವರು ತಾಯಿಯನ್ನು ಒಂದು ಮಾತು ಕೇಳುತ್ತಾರೆ. ಕೇಳಿದಾಗ ತಾಯಿ ತಲೆ ತಗ್ಗಿಸಬೇಕು. ತಗ್ಗಿಸಿದರೆ ಅದೇ ಒಪ್ಪಿಗೆ. ಯಾರೂ ಬೇರೆ ಉತ್ತರ ಕೊಟ್ಟದ್ದಿಲ್ಲ, ಯಾರೂ ಕಾದದ್ದೂ ಇಲ್ಲ.

"ಏನವ್ವಾ, ಸಂತೋಷದಿಂದ ಕೊಡ್ತೀಯಲ್ಲ?" ಎಂದರು ಅಯ್ಯನವರು.

ನಾನು ತಲೆ ತಗ್ಗಿಸಲಿಲ್ಲ. ಆದರೆ ಸೆರಗಿನೊಳಗೆ ತಲೆ ತಗ್ಗಿತೋ ಇಲ್ಲವೋ ಯಾರಿಗೆ ತಿಳಿಯಬೇಕು? ಅಯ್ಯನವರು ವಿಭೂತಿಗೆ ಕೈ ಹಾಕಿದರು.

"ಇಲ್ರೀ" ಎಂದೆ.

ಧ್ವನಿ ನನಗೇ ಸರಿಯಾಗಿ ಕೇಳಲಿಲ್ಲ. "ಏನಂತಾಳ?" ಎಂದರು ಅಯ್ಯನವರು.

"ನೀರಡಿಕಿ ಆಗ್ಯಾದಂತ್ರಿ" ಎಂದ ಅಣ್ಣ. ಯಾರೋ ತಂಬಿಗೆ ತಂದರು.

ನಾನು ಸೆರಗನ್ನು ಹಣೆಯವರೆಗೆ ಸರಿಸಿದೆ. ಭಾವನ ಕಡೆ ನೇರವಾಗಿ ನೋಡಿದೆ. "ನೀರಡಿಕಿ ಇಲ್ರೀ ಭಾವಾ. ನಾ ಹುಡುಗನ್ನ ಕೊಡಂಗಿಲ್ಲ."

ಒಳಗೆ ಲಟ್ಟಣಿಗೆಯ ಸದ್ದು ನಿಂತಿತು. ಅರಕೇರಾದ ಹಿರಿಯರೊಬ್ಬರು, "ಭಾವನ ಮುಂದ ಹೆಣ್ಮಗಳು ಮಾತಾಡೂದು ಇವತ್ತು ನೋಡಿದ್ವಪ್ಪಾ" ಎಂದರು. ಅಣ್ಣನ ಮುಖ ಕೆಂಪಾಯಿತು. "ಹುಚ್ಚು ಹಿಡದದೇನು ನಿನಗ? ಮನ್ಯಾಗ ಕೇಳಿದಾಗ ಏನಾಗಿತ್ತು ಬಾಯಿಗೆ?"

ಭಾವ ಕೈಯೆತ್ತಿ ಅವನನ್ನು ತಡೆದರು. ಇಷ್ಟು ಜನರೆದುರು ಅವರ ಮರ್ಯಾದೆ ಕಳೆದೆ, ಇನ್ನು ಇಬ್ಬರು ಮಕ್ಕಳನ್ನು ಯಾವ ಮನೆಯ ಬಾಗಿಲಿಗೆ ಕರೆದೊಯ್ಯಲಿ ಎಂದು ಲೆಕ್ಕ ಹಾಕುತ್ತಿದ್ದೆ.

"ಇದನ್ನ ಮೊದಲ ಹೇಳಿದ್ರ ನಾ ಕೇಳ್ತಿದ್ದಿಲ್ಲೇನು ತಂಗೀ?" ಎಂದರು ಕೊನೆಗೆ. ಆ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು.

"ಈಗ ಹೇಳ್ಯಾಳಲ್ರೀ" ಎಂದಳು ಗೌರಕ್ಕ. "ಈಗ ಕೇಳ್ರಿ."

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಹಾಸಿದ್ದ ಸೆರಗನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, "ನನಗೂ ಬ್ಯಾಡಾಗಿತ್ರೀ" ಎಂದಳು. "ಕೂಸು ಬೇಕು, ಬ್ಯಾಡ ಅನ್ನಂಗಿಲ್ಲ. ಆದ್ರ ಜೀವಂತ ತಾಯಿನ್ನ ನೆನೆಸಿ ಅಳೋ ಹುಡುಗನ್ನ ಮಗ್ಗಲಾಗ ಹಾಕ್ಕೊಂಡು ನಾ ಹ್ಯಾಂಗ ಕಣ್ಣು ಮುಚ್ಚಲಿ?"

"ನಿನ್ನೂ ಕೇಳಿದ್ದೆನಲ್ಲ!" ಎಂದರು ಭಾವ.

"ಕೇಳಿದ್ರಿ. ಒಂದು ಕಾಲು ಹೊಸ್ತಿಲಾಚೆ ಇಟ್ಟು, ಅಂಗಡಿ ಕೀಲಿಕೈ ಹುಡುಕ್ಕೋತ ಕೇಳಿದ್ರಿ."

ಅರಕೇರಾದ ಹಿರಿಯರು ಕೆಮ್ಮಿದರು. ಅದು ನಗುವೋ ಕೆಮ್ಮೋ ಎಂದು ತಿಳಿಯಲಿಲ್ಲ. ಭಾವ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಉಸಿರು ಬಿಟ್ಟರು. ಅಯ್ಯನವರು ವಿಭೂತಿಯ ಕೈಯನ್ನು ಹಾಗೇ ಹಿಡಿದು, "ಹಂಗಾದ್ರ ಈ ಪೂಜಿ ಯಾತಕ್ಕಂತ ಮಾಡ್ಲಿ?" ಎಂದು ಕೇಳಿದರು.

"ನನ್ನ ತಮ್ಮನ ಮಗ ಮೊದಲ ಸಲ ನಮ್ಮನಿಗೆ ಬಂದಾನ" ಎಂದರು ಭಾವ. "ಬಂದದ್ದಕ್ಕ ಅಂತ ಮಾಡ್ರಿ. ಅಡಿಗಿ ಆಗ್ಯದ, ಎಲಿ ಹಾಕಸ್ರಿ."

ಗೌರಕ್ಕ ಬಂದು ನನ್ನನ್ನು ಹಿಡಿದುಕೊಂಡಳು. ಇಬ್ಬರೂ ಅಡಿಗೆ ಮನೆಗೆ ಹೋಗಿ ನೆಲಕ್ಕೆ ಕೂತು, ಬಿಸಿ ಹೋಳಿಗೆಯನ್ನು ತಟ್ಟೆಗೂ ಹಾಕಿಕೊಳ್ಳದೆ, ಗಂಡಸರಿಗಿಂತ ಮೊದಲೇ ತಿಂದೆವು. ಅಷ್ಟು ರುಚಿಯ ಹೋಳಿಗೆಯನ್ನು ನಾನು ಮತ್ತೆ ತಿಂದಿಲ್ಲ.

ಊಟದ ನಂತರ ಭಾವ ಬಾಗಿಲ ಆಚೆ ನಿಂತು ಕೇಳಿದರು: "ಸಿನೇಮಾಕ್ಕ ಹೋಗಿದ್ರಂತಲ್ಲ, ಏನಿತ್ತದರಾಗ?"

ನಾವು ಮುಖ ಮುಖ ನೋಡಿಕೊಂಡೆವು. "ಏನಿಲ್ರೀ" ಎಂದಳು ಗೌರಕ್ಕ. "ಒಬ್ಬಾಕಿ ಕಿಟಕಿ ತೆರೆದಿರಲಿ ಅಂದ್ಲು."

"ಅಷ್ಟನಾ?"

"ಅಷ್ಟರೀ."

ಮುಂದೆ ವ್ಯಾಪಾರಕ್ಕೆಂದು ರಾಯಚೂರಿಗೆ ಹೋದಾಗ ಅವರೂ ಅದನ್ನು ನೋಡಿ ಬಂದರಂತೆ. ಆ ದಿನ ಊಟಕ್ಕೆ ಕೂತವರು ತುತ್ತು ಎತ್ತದೆ, "ಗೌರಾ, ನಿನಗೇನು ಬೇಕಾಗ್ಯದ?" ಎಂದು ಕೇಳಿ ಅವಳ ಮುಖ ನೋಡುತ್ತಾ ಕೂತರಂತೆ. ಗೌರಕ್ಕ ಗಾಬರಿಯಾಗಿ, "ಸಾರಿಗೆ ಉಪ್ಪು ಹಾಕಿಲ್ಲೇನ್ರೀ ನಾ?" ಎಂದಳಂತೆ. ಆಮೇಲೆ ಏನು ಬೇಕೆಂದು ಹೇಳಿದ್ದಾಳೆ. ತಾಯಿಯಿಲ್ಲದ ತನ್ನ ತಂಗಿಯ ಮಗಳನ್ನು ಕರೆತಂದು ಸಾಕಿದಳು. ನೀವು ದೇವದುರ್ಗದತ್ತೆ ಎನ್ನುವಿರಲ್ಲ, ಅವಳೇ.

ತಿರುಗಿ

ಬಸ್ಸಿನಲ್ಲಿ ಅಣ್ಣ ಮಾತಾಡಲಿಲ್ಲ. ಮಾನ್ವಿಯಲ್ಲಿ ಮಾತಾಡಲಿಲ್ಲ. ಮಲ್ಲಟದ ಗಾಡಿಯವನೊಬ್ಬ ಹೊಳೆಯವರೆಗೆ ಕರೆತಂದ. ದಾರಿಯುದ್ದಕ್ಕೂ ಅಣ್ಣ ಎತ್ತಿನ ಬಾಲ ನೋಡುತ್ತಾ ಕೂತಿದ್ದ. ಅವನ ಸಿಟ್ಟು ನನಗೆ ಅರ್ಥವಾಗುತ್ತಿತ್ತು. ಅವನ ಮನೆಯಲ್ಲೂ ಐದು ಮಕ್ಕಳಿದ್ದವು, ಮಳೆ ಅಷ್ಟಕ್ಕಷ್ಟೇ, ಮೇಲೆ ನಾವು. ಒಬ್ಬನ ದಾರಿಯಾಯಿತು ಎಂದು ಅತ್ತಿಗೆ ನಿಟ್ಟುಸಿರು ಬಿಟ್ಟದ್ದನ್ನು ನಾನೂ ಕೇಳಿದ್ದೆ.

ನಿಮ್ಮ ಅಪ್ಪನಿಗೆ ಇದೊಂದೂ ತಿಳಿಯದು. ಮೊಣಕಾಲುದ್ದದ ಅಂಗಿಯಲ್ಲಿ ಗಾಡಿಯ ತುಂಬ ಉರುಳಾಡಿ, ದಣಿದು, ಎಲ್ಲ ಬಿಟ್ಟು ಮಾವನ ತೊಡೆಯ ಮೇಲೆಯೇ ತಲೆಯಿಟ್ಟು ನಿದ್ದೆ ಹೋದ. ಅಣ್ಣ ಅವನನ್ನು ಸರಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಿಸಿಲು ಬೀಳದ ಹಾಗೆ ಧೋತರದ ಚುಂಗು ಮುಖಕ್ಕೆ ಹಿಡಿದ.

ಹರಗೋಲು ನಡುಹೊಳೆಗೆ ಬಂದಾಗ ಅಣ್ಣ ಬಾಯಿ ಬಿಟ್ಟ. "ನಿಮ್ಮತ್ತಿಗೀಗೆ ನಾ ಹೇಳಂಗಿಲ್ಲ ನೋಡು. ದೊಡ್ಡ ದೊಡ್ಡೋರ ಮುಂದ ಮಾತಾಡೂದು ಕಲತು ಬಂದೀಯಲ್ಲ, ನೀನ ಹೇಳು."

"ಹೇಳ್ತೀನಿ" ಎಂದೆ.

ಇಷ್ಟು ಬೇಗ ಉತ್ತರ ಬರುತ್ತದೆಂದು ಅವನು ಎಣಿಸಿರಲಿಲ್ಲ. "ಏನಂತ ಹೇಳ್ತಿ?"

"ಶರಣು ತಿರುಗಿ ಬಂದಾನ, ಒಂದು ರೊಟ್ಟಿ ಹೆಚ್ಚಿಗಿ ಬಡೀರಿ ಅಂತ."

ಅಣ್ಣ ಸಿಟ್ಟಿನ ಮುಖವನ್ನು ಹಾಗೇ ಹಿಡಿದಿಟ್ಟುಕೊಳ್ಳಲು ಬಹಳ ಪ್ರಯತ್ನಪಟ್ಟ. ತುಟಿ ಬಿಗಿ ಹಿಡಿದ, ಆಚೆ ನೋಡಿದ. ಆಮೇಲೆ ತಡೆಯಲಾಗದೆ ನಕ್ಕುಬಿಟ್ಟ. ಹರಗೋಲು ವಾಲಿತು. "ಕುಂತು ನಗ್ರಿ ಮಾರಾಯ್ರ, ಮುಳುಗೀವು!" ಎಂದು ಅಂಬಿಗ ಕೂಗಿದ. ಅಣ್ಣ ನಿಮ್ಮ ಅಪ್ಪನನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡು, ಕೂತೇ ನಗುತ್ತಿದ್ದ.